ಮೂಕೀ ಬೆಟ್ಸ್ ಅವರನ್ನು ಬಿಟ್ಟುಕೊಟ್ಟ ತಂಡ: ಬಾಸ್ಟನ್ ಅಭಿಮಾನಿಯ ಸಿಟ್ಟಿನ ಹಿಂದಿನ ಲೆಕ್ಕ

2020ರ ಫೆಬ್ರವರಿ 10ರಂದು ಬಾಸ್ಟನ್ ರೆಡ್ ಸಾಕ್ಸ್ ಎಂಬ ಅಮೆರಿಕದ ಬೇಸ್‌ಬಾಲ್ ತಂಡ ತನ್ನ ಅತ್ಯುತ್ತಮ ಆಟಗಾರನನ್ನು ಲಾಸ್ ಏಂಜಲೀಸ್ ಡಾಜರ್ಸ್‌ಗೆ ಕೊಟ್ಟಿತು. ಮೂಕೀ ಬೆಟ್ಸ್‌ಗೆ ಆಗ 27 ವರ್ಷ. ಗಾಯ ಇರಲಿಲ್ಲ, ಫಾರ್ಮ್ ಹೋಗಿರಲಿಲ್ಲ, ತಂಡದಲ್ಲಿ ಯಾರ ಜೊತೆಗೂ ಜಗಳ ಇರಲಿಲ್ಲ. ಹದಿನಾರು ತಿಂಗಳ ಹಿಂದಷ್ಟೇ ತಂಡಕ್ಕೆ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್‌ನ ಫೈನಲ್ ಸರಣಿ, ಗೆದ್ದುಕೊಟ್ಟಿದ್ದರು. ಆ ವರ್ಷ ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ಎಂವಿಪಿ, ಅಂದರೆ ಅತ್ಯಮೂಲ್ಯ ಆಟಗಾರ, ಅವರೇ.

ಅಂಥವರನ್ನು ಯಾಕೆ ಬಿಟ್ಟರು? ನಾನು ರೆಡ್ ಸಾಕ್ಸ್ ಅಭಿಮಾನಿ. ಅಭಿಮಾನಿಗಳ ಸಿಟ್ಟನ್ನು "ಭಾವುಕತೆ" ಎಂದು ತಳ್ಳಿಹಾಕುವುದು ಸುಲಭ. ಆಟಗಾರರು ಬರುತ್ತಾರೆ, ಹೋಗುತ್ತಾರೆ, ವ್ಯವಹಾರ ಅಂದಮೇಲೆ ಇದೆಲ್ಲ ಇದ್ದದ್ದೇ ಅನ್ನುತ್ತಾರೆ. ಆದರೆ ಈ ಪ್ರಕರಣದಲ್ಲಿ ವ್ಯವಹಾರದ ಲೆಕ್ಕವೇ ಅಭಿಮಾನಿಗಳ ಪರವಾಗಿದೆ. ಅದನ್ನೇ ಇಲ್ಲಿ ಒಂದೊಂದಾಗಿ ನೋಡೋಣ.

ನಿಯಮ ಏನು ಹೇಳುತ್ತದೆ

ನಮ್ಮಲ್ಲಿ ಐಪಿಎಲ್ ನೋಡುವವರಿಗೆ "ಪರ್ಸ್" ಗೊತ್ತು. 2025ರ ಮೆಗಾ ಹರಾಜಿಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ ಮಿತಿ ಇತ್ತು. ಅದನ್ನು ದಾಟುವಂತೆಯೇ ಇಲ್ಲ. ಸಿರಾಜ್ ಅವರನ್ನು ಆರ್‌ಸಿಬಿ ಉಳಿಸಿಕೊಳ್ಳದಿದ್ದಾಗ ಬೇಸರ ಆಯಿತು. ಆದರೂ ಎಲ್ಲರನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆವು, ಅಲ್ವಾ?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅಂಥ ಗೋಡೆ ಇಲ್ಲ. ಒಂದು ತಂಡ ಸಂಬಳಕ್ಕೆ ಎಷ್ಟು ಬೇಕಾದರೂ ಖರ್ಚು ಮಾಡಬಹುದು. ಒಂದು ಗೆರೆ ಮಾತ್ರ ಇದೆ. ಅದನ್ನು ದಾಟಿದರೆ ದಾಟಿದ ಮೊತ್ತದ ಮೇಲೆ ತೆರಿಗೆ ಕಟ್ಟಬೇಕು. ಇದನ್ನೇ ಲಕ್ಷುರಿ ಟ್ಯಾಕ್ಸ್ ಅನ್ನುತ್ತಾರೆ. 2018ರಲ್ಲಿ ಆ ಗೆರೆ 19.7 ಕೋಟಿ ಡಾಲರ್, 2019ರಲ್ಲಿ 20.6 ಕೋಟಿ, 2020ರಲ್ಲಿ 20.8 ಕೋಟಿ. ಮೊದಲ ವರ್ಷ ದಾಟಿದರೆ 20 ಪರ್ಸೆಂಟ್, ಸತತ ಎರಡನೇ ವರ್ಷ 30, ಮೂರನೇ ವರ್ಷ 50. ಗೆರೆಗಿಂತ 2 ಕೋಟಿಗೂ ಜಾಸ್ತಿ ಮೇಲೆ ಹೋದರೆ ಆ ಹೆಚ್ಚುವರಿಗೆ ಇನ್ನೂ 12 ಪರ್ಸೆಂಟ್ ಸೇರುತ್ತದೆ. 4 ಕೋಟಿ ದಾಟಿದರೆ ದಂಡ ಇನ್ನೂ ಏರುತ್ತದೆ, ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲ ಸರದಿ ಹತ್ತು ಸ್ಥಾನ ಹಿಂದಕ್ಕೆ ಹೋಗುತ್ತದೆ. ಒಂದೇ ಒಂದು ವರ್ಷ ಗೆರೆಯ ಕೆಳಗೆ ಬಂದರೆ ಸಾಕು, ದರ ಮತ್ತೆ 20ಕ್ಕೆ ಇಳಿಯುತ್ತದೆ.

ಇನ್ನೊಂದು ನಿಯಮವೂ ಗೊತ್ತಿರಬೇಕು. ಆಟಗಾರ ಮೇಜರ್ ಲೀಗ್‌ನಲ್ಲಿ ಆರು ವರ್ಷ ಆಡುವವರೆಗೆ ತಂಡದ ಹಿಡಿತದಲ್ಲಿರುತ್ತಾನೆ. ಆಮೇಲೆ ಫ್ರೀ ಏಜೆಂಟ್. ಯಾರ ಜೊತೆ ಬೇಕಾದರೂ ಒಪ್ಪಂದ ಮಾಡಿಕೊಳ್ಳಬಹುದು. ಬೆಟ್ಸ್‌ಗೆ ಆ ಸ್ವಾತಂತ್ರ್ಯ ಸಿಗಬೇಕಿದ್ದದ್ದು 2020ರ ಸೀಸನ್ ಮುಗಿದ ಮೇಲೆ.

ರೆಡ್ ಸಾಕ್ಸ್ 2018ರಲ್ಲೂ 2019ರಲ್ಲೂ ಗೆರೆ ದಾಟಿತ್ತು. 2018ರಲ್ಲಿ ಸುಮಾರು 1.2 ಕೋಟಿ ಡಾಲರ್, 2019ರಲ್ಲಿ ಸುಮಾರು 1.34 ಕೋಟಿ ಡಾಲರ್ ತೆರಿಗೆ ಕಟ್ಟಿತು. ಮೊದಲನೆಯದಕ್ಕೆ ಕಪ್ ಬಂತು. ಎರಡನೆಯದಕ್ಕೆ ಬಂದದ್ದು 84 ಗೆಲುವು, ಮೂರನೇ ಸ್ಥಾನ.

ಬೆಟ್ಸ್ ಅಂದರೆ ಬಾಸ್ಟನ್‌ಗೆ ಏನು

2011ರ ಡ್ರಾಫ್ಟ್‌ನಲ್ಲಿ ಐದನೇ ಸುತ್ತಿನಲ್ಲಿ, 172ನೇ ಆಯ್ಕೆಯಾಗಿ ಬಂದವರು ಬೆಟ್ಸ್. ಊರು ಟೆನೆಸ್ಸಿಯ ನ್ಯಾಶ್‌ವಿಲ್. ಎತ್ತರ ಕಡಿಮೆ, ಮೈಕಟ್ಟೂ ಸಣ್ಣದು. 171 ಹೆಸರು ಹೋಗುವ ತನಕ ಯಾರೂ ಇವರನ್ನು ಕರೆಯಲಿಲ್ಲ. ಮೊದಲು ಸೆಕೆಂಡ್ ಬೇಸ್‌ನಲ್ಲಿ ಆಡುತ್ತಿದ್ದರು. ಬಾಸ್ಟನ್‌ನಲ್ಲಿ ಆ ಜಾಗಕ್ಕೆ ಆಗಲೇ ಡಸ್ಟಿನ್ ಪೆಡ್ರೋಯಾ ಇದ್ದರು. ಹಾಗಾಗಿ ಔಟ್‌ಫೀಲ್ಡ್ ಕಲಿತರು. ಸುಮ್ನೆ ಕಲಿತದ್ದಲ್ಲ. 2016ರಿಂದ 2019ರವರೆಗೆ ಸತತ ನಾಲ್ಕು ವರ್ಷ, ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಪಡೆದರು. ತಂಡದ ಮೈದಾನ ಫೆನ್‌ವೇ ಪಾರ್ಕ್‌ನ ರೈಟ್ ಫೀಲ್ಡ್ ಅಂಕುಡೊಂಕಾದ, ಅಗಲವಾದ ಜಾಗ. ಚೆಂಡು ಎಲ್ಲಿ ಬಡಿದು ಯಾವ ಕಡೆ ತಿರುಗುತ್ತದೆ ಎಂದು ಹೇಳುವುದು ಕಷ್ಟ. ಅಲ್ಲಿ ಬೆಟ್ಸ್ ಇದ್ದರೆ ಚೆಂಡು ಎಸೆಯುವ ಪಿಚರ್‌ಗೆ ಧೈರ್ಯ.

2018ರಲ್ಲಿ ಅವರ ಬ್ಯಾಟಿಂಗ್ ಸರಾಸರಿ .346 (ನೂರು ಸಲ ಬ್ಯಾಟ್ ಮಾಡಿದರೆ ಸುಮಾರು 35 ಹಿಟ್), ಲೀಗ್‌ಗೇ ಮೊದಲು. ಚೆಂಡನ್ನು ಮೈದಾನದಾಚೆ ಹೊಡೆದ ಹೋಮ್‌ರನ್ 32, ಪಿಚರ್ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡಿ ಕದ್ದ ಬೇಸ್ 30. ತಂಡ 108 ಪಂದ್ಯ ಗೆದ್ದಿತು. ಎಂವಿಪಿ, ಬ್ಯಾಟಿಂಗ್ ಕಿರೀಟ, ಗೋಲ್ಡ್ ಗ್ಲವ್, ಬ್ಯಾಟಿಂಗ್‌ಗೆ ಕೊಡುವ ಸಿಲ್ವರ್ ಸ್ಲಗ್ಗರ್, ವರ್ಲ್ಡ್ ಸೀರೀಸ್, ಈ ಐದನ್ನೂ ಒಂದೇ ವರ್ಷದಲ್ಲಿ ಗೆದ್ದ ಮೊದಲ ಆಟಗಾರ ಅವರು. ಫೈನಲ್‌ನ ಐದನೇ ಪಂದ್ಯ ನಡೆದದ್ದು ಡಾಜರ್ಸ್ ಮೈದಾನದಲ್ಲಿ. ಅಲ್ಲಿ ಕ್ಲೇಟನ್ ಕರ್ಶಾ ಎಸೆದ ಚೆಂಡನ್ನು ಬೆಟ್ಸ್ ಹೋಮ್‌ರನ್‌ಗೆ ಹೊಡೆದರು. ಡಾಜರ್ಸ್ ಮಾಲೀಕರು ಆ ರಾತ್ರಿಯೇ ಇವರ ಬೆಲೆ ನೋಡಿರಬೇಕು.

ಅಂಕಿಗಳಲ್ಲಿ ಸಿಗದ ಮಾತೂ ಒಂದಿದೆ. ಮೇಜರ್ ಲೀಗ್ ತಂಡಗಳಲ್ಲಿ ಕಪ್ಪು ಆಟಗಾರನಿಗೆ ಎಲ್ಲರಿಗಿಂತ ತಡವಾಗಿ ಅವಕಾಶ ಕೊಟ್ಟದ್ದು ರೆಡ್ ಸಾಕ್ಸ್. 1945ರ ಏಪ್ರಿಲ್‌ನಲ್ಲಿ, ಮುಂದೆ ಆಧುನಿಕ ಮೇಜರ್ ಲೀಗ್‌ನ ಮೊದಲ ಕಪ್ಪು ಆಟಗಾರನಾದ ಜಾಕಿ ರಾಬಿನ್ಸನ್ ಫೆನ್‌ವೇಗೆ ಬಂದು ಪರೀಕ್ಷೆ ಕೊಟ್ಟರು, ತಂಡ ತಗೊಳ್ಳಲಿಲ್ಲ. ತಂಡದ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್ ಆಡಿದ್ದು 1959ರಲ್ಲಿ. 2017ರ ಮೇ ತಿಂಗಳಲ್ಲಿ ಬಾಲ್ಟಿಮೋರ್‌ನ ಆಡಮ್ ಜೋನ್ಸ್ ಅವರಿಗೆ ಇದೇ ಮೈದಾನದಲ್ಲಿ ಜನಾಂಗೀಯ ಬೈಗುಳ ಕೇಳಿಬಂತು. ಮರುದಿನ ಬೆಟ್ಸ್, ನಾನೂ ಕಪ್ಪು ಮನುಷ್ಯನೇ ಎಂದು ನೆನಪಿಸಿ, ಜೋನ್ಸ್‌ಗಾಗಿ ಎದ್ದು ನಿಲ್ಲಿ ಎಂದು ಪ್ರೇಕ್ಷಕರನ್ನು ಬಹಿರಂಗವಾಗಿ ಕೇಳಿದರು. ಜನ ಎದ್ದು ನಿಂತರು. ಆ ಊರಿನ ಹಳೆಯ ಕಲೆಯನ್ನು ತೊಳೆಯಲು ಬೆಟ್ಸ್‌ನಂಥವರು ಎಷ್ಟು ಮುಖ್ಯ ಎಂಬುದು ಬಾಸ್ಟನ್‌ನವರಿಗೆ ಗೊತ್ತಿತ್ತು. ತಂಡದ ಆಫೀಸಿನಲ್ಲಿ ಕೂತವರಿಗೂ ಗೊತ್ತಿರಬೇಕಿತ್ತು.

ಲೆಕ್ಕ ತಪ್ಪಿದ್ದು 2014ರಲ್ಲಿ

ಎಲ್ಲರೂ ಈ ಕಥೆಯನ್ನು 2019ರಿಂದ ಹೇಳುತ್ತಾರೆ. ನನ್ನ ಪ್ರಕಾರ ಅದು ಶುರುವಾದದ್ದು 2014ರ ವಸಂತದಲ್ಲಿ, ಜಾನ್ ಲೆಸ್ಟರ್ ಅವರಿಂದ.

ಲೆಸ್ಟರ್ ಬಾಸ್ಟನ್ ಬೆಳೆಸಿದ ಎಡಗೈ ಪಿಚರ್. ಕ್ಯಾನ್ಸರ್ ಗೆದ್ದು ಬಂದವರು. 2007 ಮತ್ತು 2013ರ ಕಪ್‌ಗಳಲ್ಲಿ ಅವರ ಪಾಲು ದೊಡ್ಡದು. ತಂಡ ಅವರಿಗೆ ಕೊಡಲು ಮುಂದಾದದ್ದು ನಾಲ್ಕು ವರ್ಷಕ್ಕೆ 7 ಕೋಟಿ ಡಾಲರ್ ಎಂದು ವರದಿಯಾಗಿತ್ತು. ಮಾರುಕಟ್ಟೆ ಬೆಲೆಯ ಹತ್ತಿರಕ್ಕೂ ಬರದ ಮೊತ್ತ. ಮಾತು ಮುರಿಯಿತು. ಜುಲೈ 31ರಂದು ಅವರನ್ನು ಓಕ್‌ಲೆಂಡ್‌ಗೆ ಟ್ರೇಡ್ ಮಾಡಿದರು, ಅಂದರೆ ಬೇರೆ ಆಟಗಾರನಿಗೆ ಬದಲಾಗಿ ಕೊಟ್ಟರು. ಆ ಚಳಿಗಾಲದಲ್ಲಿ ಲೆಸ್ಟರ್ ಶಿಕಾಗೋ ಕಬ್ಸ್ ಜೊತೆ ಆರು ವರ್ಷಕ್ಕೆ 15.5 ಕೋಟಿಗೆ ಒಪ್ಪಿಕೊಂಡರು. 2016ರಲ್ಲಿ ಕಬ್ಸ್ 108 ವರ್ಷಗಳ ನಂತರ ಕಪ್ ಎತ್ತಿದಾಗ ಲೆಸ್ಟರ್ ಅಲ್ಲಿದ್ದರು.

ಬಾಸ್ಟನ್‌ಗೆ ಆಗ ಮೊದಲ ದರ್ಜೆಯ ಪಿಚರ್ ಬೇಕಾಯಿತು. 2015ರ ಡಿಸೆಂಬರ್‌ನಲ್ಲಿ ಡೇವಿಡ್ ಪ್ರೈಸ್ ಅವರನ್ನು ಏಳು ವರ್ಷಕ್ಕೆ 21.7 ಕೋಟಿ ಕೊಟ್ಟು ತಂದರು. ತಮ್ಮ ಹುಡುಗನಿಗೆ ಕೊಡಲು ಒಪ್ಪದ ಹಣವನ್ನು ಹೊರಗಿನವರಿಗೆ ಬಹಳ ಜಾಸ್ತಿ ಮಾಡಿ ಕೊಟ್ಟರು. ಪ್ರೈಸ್ ಬಗ್ಗೆ ನನಗೆ ಕೋಪ ಇಲ್ಲ. 2018ರ ಫೈನಲ್‌ನ ಕೊನೆಯ ಪಂದ್ಯ ಗೆಲ್ಲಿಸಿದ್ದು ಅವರೇ. ಆದರೆ 2020ರ ಹೊತ್ತಿಗೆ ಮೊಣಕೈ, ಮಣಿಕಟ್ಟು ತೊಂದರೆ ಕೊಡುತ್ತಿದ್ದವು. ಮೂರು ವರ್ಷ, 9.6 ಕೋಟಿ ಡಾಲರ್ ಇನ್ನೂ ಬಾಕಿ ಇತ್ತು.

ಪ್ರೈಸ್ ಒಬ್ಬರೇ ಅಲ್ಲ. 2014ರ ನವೆಂಬರ್‌ನಲ್ಲಿ ಪಾಬ್ಲೋ ಸ್ಯಾಂಡೊವಾಲ್‌ಗೆ ಐದು ವರ್ಷಕ್ಕೆ 9.5 ಕೋಟಿ ಕೊಟ್ಟು, ಅರ್ಧ ದಾರಿಯಲ್ಲೇ ಮನೆಗೆ ಕಳಿಸಿದರು. ರುಸ್ನೆ ಕ್ಯಾಸ್ಟಿಯೊ ಅವರಿಗೆ 7.25 ಕೋಟಿ ಕೊಟ್ಟರು. ಅವರು ಮೇಜರ್ ಲೀಗ್‌ನಲ್ಲಿ ಆಡಿದ್ದು ಒಟ್ಟು 99 ಪಂದ್ಯ. ಅವರ ಸಂಬಳ ತೆರಿಗೆ ಲೆಕ್ಕಕ್ಕೆ ಸೇರದಿರಲಿ ಎಂದು ವರ್ಷಗಟ್ಟಲೆ ಕೆಳಗಿನ ಲೀಗ್‌ನಲ್ಲೇ ಇಟ್ಟರು. 2018ರ ಗೆಲುವಿನ ಮೇಲೆ ನೇಥನ್ ಇಯೋವಾಲ್ಡಿಗೆ 6.8 ಕೋಟಿ. 2019ರ ಮಾರ್ಚ್‌ನಲ್ಲಿ ಪಿಚರ್ ಕ್ರಿಸ್ ಸೇಲ್‌ಗೆ 14.5 ಕೋಟಿಯ ಹೊಸ ಒಪ್ಪಂದ. ಸೇಲ್ ಅವರ ಹಳೆಯ ಒಪ್ಪಂದದಲ್ಲಿ ಇನ್ನೂ ಒಂದು ಸೀಸನ್ ಬಾಕಿ ಇತ್ತು, ಆತುರ ಏನೂ ಇರಲಿಲ್ಲ. ಒಂದು ವರ್ಷ ಆಗುವಷ್ಟರಲ್ಲಿ ಅವರ ಮೊಣಕೈಗೆ ಶಸ್ತ್ರಚಿಕಿತ್ಸೆ.

ಇದನ್ನೆಲ್ಲ ಕೂಡಿಸಿ ನೋಡಿ. ಗೆರೆ ದಾಟುವಂತೆ ಮಾಡಿದ್ದು ಬೆಟ್ಸ್ ಸಂಬಳ ಅಲ್ಲ. ಗೆರೆ ದಾಟಿಸಿದ ಹಳೆಯ ಒಪ್ಪಂದಗಳನ್ನು ಯಾರೂ ಕೊಳ್ಳುತ್ತಿರಲಿಲ್ಲ. ಮಾರಿದರೆ ತಕ್ಷಣ ಹೋಗುವ ಒಂದೇ ಒಂದು ವಸ್ತು ಬೆಟ್ಸ್. ಸಾಲ ತೀರಿಸಲು ಹಾಲು ಕೊಡುವ ಹಸುವನ್ನೇ ಸಂತೆಗೆ ಹೊಡೆದುಕೊಂಡು ಹೋದ ಹಾಗೆ.

ಚಳಿಗಾಲದ ಮಾತುಕತೆ

2019ರ ಸೆಪ್ಟೆಂಬರ್‌ನಲ್ಲಿ ತಂಡದ ಮುಖ್ಯಸ್ಥ ಡೇವ್ ಡೊಂಬ್ರೊವ್ಸ್ಕಿ ಅವರನ್ನು ತೆಗೆದರು. ಕಪ್ ಗೆದ್ದು ಒಂದು ವರ್ಷವೂ ಆಗಿರಲಿಲ್ಲ. ತಿಂಗಳ ಕೊನೆಗೆ ಮುಖ್ಯ ಮಾಲೀಕ ಜಾನ್ ಹೆನ್ರಿ ಪತ್ರಿಕಾಗೋಷ್ಠಿಯಲ್ಲಿ, ಮುಂದಿನ ವರ್ಷ 20.8 ಕೋಟಿಯ ಗೆರೆಯ ಕೆಳಗೆ ಬರಬೇಕು ಎಂದು ನೇರವಾಗಿ ಹೇಳಿದರು. ಆಮೇಲೆ ಇದು ಗುರಿ ಮಾತ್ರ, ಕಟ್ಟಪ್ಪಣೆ ಅಲ್ಲ ಎಂದು ಮಾತು ತಿದ್ದಿಕೊಂಡರು. ಅಕ್ಟೋಬರ್‌ನಲ್ಲಿ ಟ್ಯಾಂಪಾ ಬೇ ರೇಸ್‌ನಿಂದ ಖೈಮ್ ಬ್ಲೂಮ್ ಅವರನ್ನು ಕರೆತಂದರು. ಕಡಿಮೆ ದುಡ್ಡಿನಲ್ಲಿ ತಂಡ ಕಟ್ಟುವುದಕ್ಕೆ ಹೆಸರಾದ ಕ್ಲಬ್ ಅದು. ಸೂಚನೆ ಸ್ಪಷ್ಟವಾಗಿತ್ತು.

ಬೆಟ್ಸ್ ಜೊತೆ ಆಗಿದ್ದ ಮಾತುಕತೆಯ ಬಗ್ಗೆ ವರದಿಗಳು ಹೇಳಿದ್ದು ಇಷ್ಟು. ಬಾಸ್ಟನ್ ಕೊಡಲು ಸಿದ್ಧವಿದ್ದದ್ದು ಹತ್ತು ವರ್ಷಕ್ಕೆ 30 ಕೋಟಿ ಡಾಲರ್. ಬೆಟ್ಸ್ ಕೇಳಿದ್ದು ಹನ್ನೆರಡು ವರ್ಷಕ್ಕೆ 42 ಕೋಟಿ. ಅಂತರ ದೊಡ್ಡದಾಯಿತು, ಮಾತು ನಿಂತಿತು. 2020ರ ಜನವರಿಯಲ್ಲಿ ಒಂದು ವರ್ಷಕ್ಕೆ 2.7 ಕೋಟಿಗೆ ಸಹಿ ಹಾಕಿದರು. ಇನ್ನೂ ತಂಡದ ಹಿಡಿತದಲ್ಲಿರುವ ಆಟಗಾರನಿಗೆ ಒಂದು ವರ್ಷಕ್ಕೆ ಅದೇ ಅಲ್ಲಿಯ ತನಕದ ದಾಖಲೆ ಮೊತ್ತ.

ಫೆಬ್ರವರಿ 4ರಂದು ಸುದ್ದಿ ಹೊರಬಿತ್ತು. ಮೊದಲು ಅದು ಮೂರು ತಂಡಗಳ ಟ್ರೇಡ್ ಆಗಿತ್ತು. ಡಾಜರ್ಸ್‌ನಿಂದ ಅಲೆಕ್ಸ್ ವರ್ಡೂಗೊ, ಮಿನೆಸೋಟದಿಂದ ಬ್ರುಸ್ದಾರ್ ಗ್ರಾಟೆರೋಲ್ ಎಂಬ ಯುವ ಪಿಚರ್ ಬಾಸ್ಟನ್‌ಗೆ ಬರಬೇಕಿತ್ತು. ಗ್ರಾಟೆರೋಲ್ ಅವರ ವೈದ್ಯಕೀಯ ವರದಿ ನೋಡಿ ಬಾಸ್ಟನ್ ಹಿಂದೆ ಸರಿಯಿತು. ಅಭಿಮಾನಿಗಳಿಗೆ ಆ ಐದಾರು ದಿನ ಚಿತ್ರಹಿಂಸೆ. ಒಪ್ಪಂದ ಮುರಿದು ಬೀಳಲಿ ಎಂದು ಎಷ್ಟೋ ಜನ ಹಾರೈಸಿದರು. ಮುರಿಯಲಿಲ್ಲ. ಕೊನೆಗೆ ಬೆಟ್ಸ್, ಪ್ರೈಸ್ ಇಬ್ಬರೂ ಹೋದರು. ವರ್ಡೂಗೊ, ಜೀಟರ್ ಡೌನ್ಸ್, ಕಾನರ್ ವಾಂಗ್ ಬಂದರು. ಪ್ರೈಸ್‌ಗೆ ಬಾಕಿ ಇದ್ದ ಹಣದಲ್ಲಿ ಅರ್ಧ, 4.8 ಕೋಟಿ ಡಾಲರ್, ಬಾಸ್ಟನ್ನೇ ಕೊಡಲು ಒಪ್ಪಿತು.

ಅಭಿಮಾನಿಗಳನ್ನು ನಿಜವಾಗಿ ಕೆರಳಿಸಿದ್ದು ಪ್ರೈಸ್ ಹೆಸರು ಈ ಟ್ರೇಡ್‌ಗೆ ಸೇರಿದ್ದು. ಬೆಟ್ಸ್ ಒಬ್ಬರನ್ನೇ ಕೊಟ್ಟಿದ್ದರೆ ಇನ್ನೂ ಒಳ್ಳೆಯ ಆಟಗಾರರು ಬರುತ್ತಿದ್ದರು. ಡಾಜರ್ಸ್ ಬಳಿ ಗ್ಯಾವಿನ್ ಲಕ್ಸ್, ಡಸ್ಟಿನ್ ಮೇ ತರದ ಹುಡುಗರಿದ್ದರು. ಪ್ರೈಸ್ ಸಂಬಳದ ಭಾರವನ್ನೂ ಇಳಿಸಿಕೊಳ್ಳಲು ಹೋಗಿ ಬೆಟ್ಸ್ ಬೆಲೆಯನ್ನೇ ಕರಗಿಸಿಬಿಟ್ಟರು. ಅಲ್ಲಿಗೆ ಇದು ತಂಡ ಕಟ್ಟುವ ಟ್ರೇಡ್ ಆಗಿ ಉಳಿಯಲಿಲ್ಲ, ಖರ್ಚು ಇಳಿಸುವ ಟ್ರೇಡ್ ಆಯಿತು.

ಉಳಿದದ್ದು ಎಷ್ಟು? ಬೆಟ್ಸ್ ಇದ್ದು ಗೆರೆಯನ್ನು 3 ಕೋಟಿ ಡಾಲರ್ ದಾಟಿದ್ದರು ಅಂದುಕೊಳ್ಳಿ. ಮೊದಲ 2 ಕೋಟಿಗೆ 50 ಪರ್ಸೆಂಟ್, ಅಂದರೆ 1 ಕೋಟಿ. ಉಳಿದ 1 ಕೋಟಿಗೆ 62 ಪರ್ಸೆಂಟ್, ಅಂದರೆ 62 ಲಕ್ಷ. ಒಟ್ಟು ತೆರಿಗೆ 1.62 ಕೋಟಿ ಡಾಲರ್. ತಂಡಗಳ ನಡುವಿನ ಆದಾಯ ಹಂಚಿಕೆಯಲ್ಲಿ ಇನ್ನಷ್ಟು ನಷ್ಟ ಸೇರಿಸಿಕೊಳ್ಳಿ. ಆದರೂ ದುಬಾರಿ ಟಿಕೆಟ್ ಮಾರುವ, ತನ್ನದೇ ಟಿವಿ ಚಾನೆಲ್ ಇರುವ ಕ್ಲಬ್‌ಗೆ ಇದು ತಲೆ ಮೇಲೆ ಬೀಳುವ ಬಂಡೆ ಏನಲ್ಲ. ಇದೇ ಮಾಲೀಕರ ಕಂಪನಿ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ ಇಟ್ಟುಕೊಂಡಿದೆ. 2021ರ ಕೊನೆಗೆ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಎಂಬ ಐಸ್ ಹಾಕಿ ತಂಡವನ್ನು ಕೊಂಡಿತು. ಹಣ ಇತ್ತು. ಆದರೆ ಬೆಟ್ಸ್ ಅವರಿಗಾಗಿ ಇರಲಿಲ್ಲ.

ತಂಡದ ಪರವಾದ ವಾದ

ನ್ಯಾಯವಾಗಿ ಅದನ್ನೂ ಹೇಳಬೇಕು. ಬೆಟ್ಸ್ ಮೊದಲಿಂದಲೂ ಫ್ರೀ ಏಜೆಂಟ್ ಆಗಿ ತನ್ನ ಬೆಲೆ ತಿಳಿಯಬೇಕು ಎನ್ನುತ್ತಿದ್ದರು. ಬಾಸ್ಟನ್ ಮುಂದಿಟ್ಟ ಹಿಂದಿನ ಮೊತ್ತಗಳನ್ನೂ ಬೇಡ ಎಂದಿದ್ದರು. ಒಂದು ವರ್ಷ ಆಡಿ ಹೊರಟುಹೋದರೆ ತಂಡಕ್ಕೆ ಸಿಗುವುದು ಡ್ರಾಫ್ಟ್‌ನಲ್ಲಿ ಒಂದು ಹೆಚ್ಚುವರಿ ಆಯ್ಕೆ ಮಾತ್ರ. ಅದಕ್ಕಿಂತ ಮೂವರು ಯುವಕರು ಮೇಲಲ್ವಾ? ಹೆನ್ರಿ ಅವರೂ ಇದೇ ಮಾತನ್ನು ಅಭಿಮಾನಿಗಳಿಗೆ ಹೇಳಿದರು.

ಈ ವಾದಕ್ಕೆ ಐದೇ ತಿಂಗಳಲ್ಲಿ ಉತ್ತರ ಬಂತು. 2020ರ ಜುಲೈ 22ರಂದು ಬೆಟ್ಸ್ ಡಾಜರ್ಸ್ ಜೊತೆ ಹನ್ನೆರಡು ವರ್ಷಕ್ಕೆ 36.5 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದರು. ಡಾಜರ್ಸ್ ಪರ ಒಂದು ಲೀಗ್ ಪಂದ್ಯವನ್ನೂ ಆಗ ಆಡಿರಲಿಲ್ಲ. ಫ್ರೀ ಏಜೆಂಟ್ ಆಗುವವರೆಗೂ ಕಾಯಲಿಲ್ಲ.

ಈಗ ಆ ಅಂಕಿಗಳನ್ನು ಪಕ್ಕಪಕ್ಕ ಇಡಿ. 30 ಮತ್ತು 42ರ ನಡುವಿನ ಸಂಖ್ಯೆ 36. ಡಾಜರ್ಸ್ ಕೊಟ್ಟದ್ದು 36.5. ಇಬ್ಬರೂ ಅರ್ಧರ್ಧ ದಾರಿ ಬಂದಿದ್ದರೆ ಅಲ್ಲಿಗೇ ತಲುಪುತ್ತಿದ್ದರು. ವರ್ಷದ ಲೆಕ್ಕ ಹಾಕಿದರೆ ಇನ್ನೂ ಸಂಕಟ. ಬಾಸ್ಟನ್ ಹೇಳಿದ್ದು ವರ್ಷಕ್ಕೆ 3 ಕೋಟಿ. ಡಾಜರ್ಸ್ ಕೊಟ್ಟದ್ದು ವರ್ಷಕ್ಕೆ ಸುಮಾರು 3.04 ಕೋಟಿ. ಅದರಲ್ಲೂ 11.5 ಕೋಟಿಯನ್ನು ಮುಂದೆ ನಿಧಾನವಾಗಿ ಕೊಡುವುದು ಎಂದು ಒಪ್ಪಂದ. ವ್ಯತ್ಯಾಸ ಉಳಿದದ್ದು ಎರಡು ವರ್ಷದ ಅವಧಿ ಅಷ್ಟೇ. ಕೊರೋನಾ ಬಂದು ಬೆಟ್ಸ್ ಮನಸ್ಸು ಬದಲಾಯಿತು ಎನ್ನುವವರಿದ್ದಾರೆ. ಇರಬಹುದು. ಆದರೆ ಬೆಟ್ಸ್ ಆಗ ಬಾಸ್ಟನ್‌ನಲ್ಲೇ ಇದ್ದಿದ್ದರೆ ಆ ಬದಲಾದ ಮನಸ್ಸಿನ ಲಾಭವೂ ಬಾಸ್ಟನ್‌ಗೇ ಸಿಗುತ್ತಿತ್ತು.

ಒಳ್ಳೆಯ ಆಟಗಾರನನ್ನು ಟ್ರೇಡ್ ಮಾಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. 2004ರ ಜುಲೈ 31ರಂದು ಇದೇ ತಂಡ ನೊಮಾರ್ ಗಾರ್ಸಿಯಾಪಾರಾ ಅವರನ್ನು ಕೊಟ್ಟಿತು. ಅಂದು ಬಾಸ್ಟನ್ ಮಕ್ಕಳೆಲ್ಲ ಹಾಕಿಕೊಳ್ಳುತ್ತಿದ್ದ ಜೆರ್ಸಿ ಅವರದ್ದು. ಊರಿಗೆ ಊರೇ ನೊಂದುಕೊಂಡಿತು. ಆದರೆ ಬಂದ ಒರ್ಲಾಂಡೊ ಕಬ್ರೇರಾ, ಡಗ್ ಮೆಂಟ್‌ಕೇವಿಚ್ ತಂಡದ ಸೋರುತ್ತಿದ್ದ ಫೀಲ್ಡಿಂಗ್ ಸರಿಮಾಡಿದರು. ಅದೇ ಅಕ್ಟೋಬರ್‌ನಲ್ಲಿ ಕಪ್ ಇಲ್ಲದ 86 ವರ್ಷಗಳ ಬರ ಮುಗಿಯಿತು. ಕೊನೆಯ ಔಟ್‌ನ ಚೆಂಡು ಮೆಂಟ್‌ಕೇವಿಚ್ ಕೈಯಲ್ಲಿತ್ತು. ಆಗಲೂ ಮಾಲೀಕರು ಹೆನ್ರಿ ಅವರೇ. ಅವರ ಕಾಲದಲ್ಲಿ 2004, 2007, 2013, 2018, ನಾಲ್ಕು ಕಪ್ ಬಂದಿವೆ. ಅದನ್ನು ಮರೆಯುವುದಿಲ್ಲ. ಗೆಲ್ಲುವುದಕ್ಕಾಗಿ ಕಠಿಣ ನಿರ್ಧಾರ ಮಾಡುವುದು ಗೊತ್ತಿದ್ದ ಜನ ಅವರು. ಆದ್ದರಿಂದಲೇ 2020ರದ್ದು ಇಷ್ಟು ಚುಚ್ಚುತ್ತದೆ.

ಆಮೇಲೆ ಆದದ್ದು

2020ರ ಸೀಸನ್ 60 ಪಂದ್ಯಕ್ಕೆ ಇಳಿಯಿತು. ಬಾಸ್ಟನ್ 24 ಗೆದ್ದು 36 ಸೋತು ತನ್ನ ವಿಭಾಗದಲ್ಲಿ ಕೊನೆಗೆ ಬಂತು. ಅಕ್ಟೋಬರ್ 27ರಂದು ಡಾಜರ್ಸ್ 1988ರ ನಂತರ ಮೊದಲ ಸಲ ಕಪ್ ಗೆದ್ದಿತು. ಆರನೇ ಪಂದ್ಯದಲ್ಲಿ ಬೆಟ್ಸ್ ಸೆಕೆಂಡ್ ಬೇಸ್ ತಲುಪಿಸುವ ಡಬಲ್ ಹೊಡೆದರು, ಜೊತೆಗಾರ ನೆಲಕ್ಕೆ ಹೊಡೆದ ಪುಟ್ಟ ಗ್ರೌಂಡ್ ಬಾಲ್‌ಗೇ ಬಿದ್ದಂಬೀಳ ಓಡಿ ಹೋಮ್ ಮುಟ್ಟಿ ರನ್ ಗಳಿಸಿದರು, ಎಂಟನೇ ಇನ್ನಿಂಗ್ಸ್‌ನಲ್ಲಿ ಹೋಮ್‌ರನ್ ಹೊಡೆದರು. ಬಾಸ್ಟನ್‌ನಲ್ಲಿ ಕೂತು ಅದನ್ನು ನೋಡಿದವರ ಪಾಡು ಬೇರೆ ಹೇಳಬೇಕಿಲ್ಲ.

2021 ಒಳ್ಳೆಯ ವರ್ಷ. 92 ಗೆಲುವು, ಬದ್ಧ ಎದುರಾಳಿ ನ್ಯೂಯಾರ್ಕ್ ಯಾಂಕೀಸ್‌ನ ಸೋಲಿಸಿದ್ದು, ವರ್ಲ್ಡ್ ಸೀರೀಸ್‌ಗೆ ಮುಂಚಿನ ಲೀಗ್ ಫೈನಲ್‌ವರೆಗೆ ಹೋಗಿದ್ದು ಎಲ್ಲ ನಿಜ. ವರ್ಡೂಗೊ ಚೆನ್ನಾಗಿಯೇ ಆಡಿದರು. ಬ್ಲೂಮ್ ಸರಿ ಇರಬಹುದೇನೋ ಎಂದು ಆ ಅಕ್ಟೋಬರ್‌ನಲ್ಲಿ ಅನೇಕರಿಗೆ ಅನಿಸಿತು. ಮುಂದಿನ ಎರಡು ವರ್ಷ ಮತ್ತೆ 78 ಗೆಲುವು, 84 ಸೋಲು, ಕೊನೆಯ ಸ್ಥಾನ. ಎರಡೂ ಸಲ ಅದೇ ಅಂಕಿ.

2022ರಲ್ಲಿ ಇನ್ನೊಂದು ಆಯಿತು. ಆ ವರ್ಷ ಗೆರೆ 23 ಕೋಟಿ ಡಾಲರ್. ಬಾಸ್ಟನ್ ಅದನ್ನು ಚೂರೇ ಚೂರು ದಾಟಿತು. ಗೆರೆಯ ಕೆಳಗೆ ಬರಲೆಂದು ಬೆಟ್ಸ್ ಅವರನ್ನು ಬಿಟ್ಟ ತಂಡ, ಕೊನೆಯ ಸ್ಥಾನಕ್ಕೆ ಬರುವ ವರ್ಷದಲ್ಲಿ ಗೆರೆ ದಾಟಿ ನಿಂತಿತು. ಸೀಸನ್ ಮಧ್ಯದಲ್ಲಿ ಒಂದಿಬ್ಬರನ್ನು ಮಾರಿದ್ದರೆ ತಪ್ಪಿಸಬಹುದಿತ್ತು. ಆಟವೂ ಹೋಯಿತು, ಉಳಿತಾಯವೂ ಹೋಯಿತು. ದಾಟಿದ್ದರಿಂದ, ಆ ಚಳಿಗಾಲ ಬಿಟ್ಟುಹೋದ ಆಟಗಾರರಿಗೆ ಬದಲಾಗಿ ಸಿಗುವ ಡ್ರಾಫ್ಟ್ ಆಯ್ಕೆಗಳೂ ಕೆಳಗೆ ಜಾರಿದವು.

ಹಾಗೆ ಬಿಟ್ಟುಹೋದವರಲ್ಲಿ ಝ್ಯಾಂಡರ್ ಬೊಗಾರ್ಟ್ಸ್ ಒಬ್ಬರು. ಎರಡು ಕಪ್ ಗೆದ್ದ ಶಾರ್ಟ್‌ಸ್ಟಾಪ್, ಅಂದರೆ ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್. ಆ ವಸಂತದಲ್ಲಿ ತಂಡ ಅವರಿಗೆ ಇದ್ದ ಒಪ್ಪಂದಕ್ಕೆ ಒಂದು ವರ್ಷ, 3 ಕೋಟಿ ಸೇರಿಸಲು ಮಾತ್ರ ಮುಂದಾಗಿತ್ತು ಎಂದು ವರದಿಯಾಗಿತ್ತು. ಡಿಸೆಂಬರ್‌ನಲ್ಲಿ ಅವರು ಸ್ಯಾನ್ ಡಿಯೆಗೊ ಜೊತೆ ಹನ್ನೊಂದು ವರ್ಷಕ್ಕೆ 28 ಕೋಟಿಗೆ ಹೊರಟರು. ಅಷ್ಟು ಕೊಡಬೇಕಿರಲಿಲ್ಲ, ಅದು ನನ್ನ ಅಭಿಪ್ರಾಯವೂ ಹೌದು. ಆದರೆ ಮೊದಲು ಹೇಳಿದ ಮೊತ್ತ ಲೆಸ್ಟರ್ ಕಾಲದ ತಪ್ಪಿನದೇ ನಕಲು.

2023ರ ಜನವರಿಯಲ್ಲಿ ಫೆನ್‌ವೇಯಲ್ಲೇ ನಡೆದ ಐಸ್ ಹಾಕಿ ಪಂದ್ಯದಲ್ಲಿ ಹೆನ್ರಿ ಕಾಣಿಸಿಕೊಂಡಾಗ ಜನ ಕೂಗಿ ಅಸಮಾಧಾನ ತೋರಿಸಿದರು. ಅದೇ ತಿಂಗಳು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅಭಿಮಾನಿಗಳಿಗೆಂದೇ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಹೆನ್ರಿ, ಬ್ಲೂಮ್ ಇಬ್ಬರಿಗೂ ಅದೇ ಸ್ವಾಗತ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು, ಮೈ ಕೊರೆಯುವ ಚಳಿಯಲ್ಲಿ ಬಂದ ಜನ ಅವರು. ತಂಡವನ್ನು ದ್ವೇಷಿಸುವವರು ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡ್‌ಗೆ ಬರುವುದಿಲ್ಲ. ಆ ಎರಡು ಘಟನೆಗಳ ನಡುವೆಯೇ ತಂಡದ ಥರ್ಡ್ ಬೇಸ್ ಆಟಗಾರ ರಫಾಯೆಲ್ ಡೆವರ್ಸ್‌ಗೆ 31 ಕೋಟಿಗೂ ಮೇಲಿನ ದೀರ್ಘ ಒಪ್ಪಂದ ಸಿಕ್ಕಿತು. ಜನರ ಕೂಗಿಗೆ ಅಷ್ಟಾದರೂ ಫಲ ಸಿಕ್ಕಿತು ಅಂದುಕೊಂಡೆವು. ಸೆಪ್ಟೆಂಬರ್‌ನಲ್ಲಿ ಬ್ಲೂಮ್ ಹೋದರು.

ಬೆಟ್ಸ್ ಬದಲಿಗೆ ಬಂದವರು ಏನಾದರು? ಜೀಟರ್ ಡೌನ್ಸ್ ಬಾಸ್ಟನ್ ಪರ ಆಡಿದ್ದು 14 ಪಂದ್ಯ, ಸರಾಸರಿ .154. 2022ರ ಡಿಸೆಂಬರ್‌ನಲ್ಲಿ ಕೈಬಿಟ್ಟರು. ಕಾನರ್ ವಾಂಗ್ ಸಾಧಾರಣ ಕ್ಯಾಚರ್, ಶ್ರಮಪಡುವ ಹುಡುಗ. ವರ್ಡೂಗೊ ಅವರನ್ನು 2023ರ ಡಿಸೆಂಬರ್‌ನಲ್ಲಿ ಯಾಂಕೀಸ್‌ಗೇ ಕೊಟ್ಟರು. ಮರುವರ್ಷ ಯಾಂಕೀಸ್ ವರ್ಲ್ಡ್ ಸೀರೀಸ್‌ಗೆ ಬಂತು, ಎದುರಿಗೆ ಡಾಜರ್ಸ್. ಐದನೇ ಪಂದ್ಯದ ಕೊನೆಯ ಬ್ಯಾಟರ್ ವರ್ಡೂಗೊ. ಸ್ಟ್ರೈಕ್‌ಔಟ್. ಆ ಔಟ್‌ನಿಂದ ಬೆಟ್ಸ್‌ಗೆ ಡಾಜರ್ಸ್ ಜೊತೆ ಎರಡನೇ ಕಪ್ ಸಿಕ್ಕಿತು. 2025ರಲ್ಲಿ ಟೊರಾಂಟೊ ವಿರುದ್ಧ ಏಳನೇ ಪಂದ್ಯದ ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ, ಈಗ ಶಾರ್ಟ್‌ಸ್ಟಾಪ್ ಆಗಿರುವ ಬೆಟ್ಸ್ ತಾವೇ ಚೆಂಡು ಹಿಡಿದು, ಸೆಕೆಂಡ್ ಬೇಸ್ ತುಳಿದು, ಫಸ್ಟ್‌ಗೆ ಎಸೆದು, ಒಂದೇ ಚೆಂಡಿಗೆ ಇಬ್ಬರನ್ನು ಔಟ್ ಮಾಡುವ ಡಬಲ್ ಪ್ಲೇ ಮುಗಿಸಿದರು. ಮೂರನೇ ಕಪ್. 2018ರದ್ದು ಸೇರಿಸಿದರೆ ನಾಲ್ಕು.

ಮತ್ತೆ ಅದೇ ದಾರಿ

ಹೊಸ ಮುಖ್ಯಸ್ಥ ಕ್ರೇಗ್ ಬ್ರೆಸ್ಲೋ ಬಂದ ಮೇಲೆ ಬದಲಾಗುತ್ತದೆ ಎಂದು ನಂಬಿದೆವು. ಈ ಸಲ ಪೂರ್ತಿ ವೇಗದಲ್ಲಿ ಹೋಗುತ್ತೇವೆ ಎಂದು ಸಹ ಮಾಲೀಕ ಟಾಮ್ ವರ್ನರ್ 2023ರ ನವೆಂಬರ್‌ನಲ್ಲಿ ಹೇಳಿದರು. ಆ ಚಳಿಗಾಲ ಬಂದ ದೊಡ್ಡ ಹೆಸರು ಲೂಕಸ್ ಜಿಯೊಲಿಟೊ ಒಬ್ಬರೇ, ಅವರೂ ಗಾಯಗೊಂಡು 2024ರಲ್ಲಿ ಒಂದು ಚೆಂಡೂ ಎಸೆಯಲಿಲ್ಲ. ಹೋದವರು ಕ್ರಿಸ್ ಸೇಲ್. ಜೊತೆಗೆ 1.7 ಕೋಟಿ ಡಾಲರ್ ಕೊಟ್ಟು ಅಟ್ಲಾಂಟಾಕ್ಕೆ ಕಳಿಸಿದರು. ಅಲ್ಲಿ ಅವರು 18 ಗೆದ್ದು 3 ಸೋತು, 225 ಸ್ಟ್ರೈಕ್‌ಔಟ್ ಮಾಡಿ, ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. ಬದಲಿಗೆ ಬಂದ ವಾನ್ ಗ್ರಿಸಮ್ ಆ ವರ್ಷ ಆಡಿದ್ದು 31 ಪಂದ್ಯ, ಸರಾಸರಿ .190. ಸೇಲ್ ಹಾಗೆ ಚೇತರಿಸಿಕೊಳ್ಳುತ್ತಾರೆ ಎಂದು ಯಾರೂ ಊಹಿಸಿರಲಿಲ್ಲ, ಒಪ್ಪುತ್ತೇನೆ. ಈ ಒಂದಕ್ಕೆ ನಾನು ಬ್ರೆಸ್ಲೋ ಅವರನ್ನು ಜಾಸ್ತಿ ದೂರುವುದಿಲ್ಲ.

ಡೆವರ್ಸ್ ವಿಷಯ ಬೇರೆ. 2025ರ ಫೆಬ್ರವರಿಯಲ್ಲಿ ಅಲೆಕ್ಸ್ ಬ್ರೆಗ್ಮನ್ ಬಂದಾಗ ಡೆವರ್ಸ್ ಅವರನ್ನು ಥರ್ಡ್ ಬೇಸ್‌ನಿಂದ ಎಬ್ಬಿಸಿ, ಬರೀ ಬ್ಯಾಟ್ ಮಾಡುವ ಜಾಗಕ್ಕೆ ಹಾಕಿದರು. ಗ್ಲವ್ ಎತ್ತಿಡಿ ಎಂದ ಮೇಲೆ, ಮೇ ತಿಂಗಳಲ್ಲಿ ಟ್ರಿಸ್ಟನ್ ಕಸಾಸ್ ಗಾಯಗೊಂಡಾಗ ಫಸ್ಟ್ ಬೇಸ್‌ನಲ್ಲಿ ಆಡಿ ಎಂದರು. ಅವರು ಒಪ್ಪಲಿಲ್ಲ. ಡೆವರ್ಸ್ ಒಪ್ಪಬೇಕಿತ್ತು, ತಂಡಕ್ಕಾಗಿ. ಆದರೆ ಒಬ್ಬ ಆಟಗಾರನ ಜೊತೆ ಸರಿಯಾಗಿ ಮಾತಾಡುವುದೂ ತಂಡ ನಡೆಸುವವರ ಕೆಲಸವೇ. ಜೂನ್ 15ರಂದು ಬಾಸ್ಟನ್ ಯಾಂಕೀಸ್ ವಿರುದ್ಧ ಸರಣಿಯ ಮೂರೂ ಪಂದ್ಯ ಗೆದ್ದು ಮುಗಿಸಿತು. ಕೊನೆಯ ಪಂದ್ಯದಲ್ಲಿ ಡೆವರ್ಸ್ ಹೋಮ್‌ರನ್ ಹೊಡೆದಿದ್ದರು. ಅವತ್ತೇ ಸಂಜೆ ಅವರನ್ನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಕೊಟ್ಟ ಸುದ್ದಿ ಬಂತು. ಬಾಕಿ ಸಂಬಳವನ್ನೆಲ್ಲ ಜೈಂಟ್ಸ್ ಹೊತ್ತುಕೊಂಡಿತು. ಬಂದವರ ಪಟ್ಟಿ ಓದಿದಾಗ 2020ರ ಫೆಬ್ರವರಿ ಕಣ್ಣಮುಂದೆ ನಿಂತಿತು.

ಆ ವರ್ಷ ತಂಡ 89 ಗೆದ್ದು ಪ್ಲೇಆಫ್‌ಗೂ ಹೋಯಿತು. ಡೆವರ್ಸ್ ಇಲ್ಲದೆಯೂ ಗೆದ್ದೆವಲ್ಲ ಎನ್ನುವವರಿದ್ದಾರೆ. ಆದರೆ ಪ್ಲೇಆಫ್‌ನ ಮೊದಲ ಸುತ್ತಾದ ವೈಲ್ಡ್ ಕಾರ್ಡ್ ಸುತ್ತಿನಲ್ಲಿ ಯಾಂಕೀಸ್ ಎದುರು 2-1ರಿಂದ ಸೋತಾಗ, ಮೂರನೇ ಪಂದ್ಯದಲ್ಲಿ ಒಂದು ರನ್ ಕೂಡ ಬರಲಿಲ್ಲ. ಬ್ಯಾಟ್‌ನಿಂದ ಒಂದೇಟಿಗೆ ಪಂದ್ಯ ತಿರುಗಿಸುವವರು ಬೇಕಾಗಿದ್ದದ್ದು ಆ ರಾತ್ರಿಯೇ.

ಕಲಿತದ್ದು ಇದೆಯೇ

ಸ್ವಲ್ಪ ಇದೆ, ಹೇಳಲೇಬೇಕು. ಈಗ ತಂಡ ಹುಡುಗರ ಜೊತೆ ಬೇಗ ಒಪ್ಪಂದ ಮಾಡಿಕೊಳ್ಳುತ್ತಿದೆ. 2024ರಲ್ಲಿ ಬ್ರಾಯನ್ ಬೆಯೊ ಮತ್ತು ಸೆಡಾನ್ ರಫಾಯೆಲಾ, 2025ರಲ್ಲಿ ಕ್ರಿಶ್ಚಿಯನ್ ಕ್ಯಾಂಬೆಲ್. ಪಿಚರ್ ಗ್ಯಾರೆಟ್ ಕ್ರೋಶೆಗೆ ಆರು ವರ್ಷಕ್ಕೆ 17 ಕೋಟಿ. 2025ರ ಆಗಸ್ಟ್‌ನಲ್ಲಿ ರೋಮನ್ ಆಂಟನಿಗೆ ಎಂಟು ವರ್ಷಕ್ಕೆ 13 ಕೋಟಿ. ಆಗ ಆಂಟನಿ ಮೇಜರ್ ಲೀಗ್‌ಗೆ ಬಂದು ಎರಡು ತಿಂಗಳೂ ಪೂರ್ತಿ ಆಗಿರಲಿಲ್ಲ. 

ಆದರೆ ಈ ದಾರಿಯಲ್ಲಿ ಬೆಟ್ಸ್ ಸಿಗುತ್ತಿರಲಿಲ್ಲ. ಅವರಿಗೂ ಮೊದಲೇ ಸಣ್ಣ ಮೊತ್ತಗಳನ್ನು ತೋರಿಸಿದ್ದರು, ಅವರು ತಮ್ಮ ಮೇಲೆ ನಂಬಿಕೆ ಇಟ್ಟು ಕಾದರು. ಮುಂದೆಯೂ ಅಂಥ ಒಬ್ಬರು ಬರುತ್ತಾರೆ. ಬೇಗ ಸಹಿ ಹಾಕದವರು, ಇಪ್ಪತ್ತೇಳನೇ ವಯಸ್ಸಿಗೆ ಪೂರ್ತಿ ಬೆಲೆ ಕೇಳುವವರು. ಆಗ ಅಭಿಮಾನಿ ಕೇಳುವುದು ಎರಡೇ. ಆ ಆಟಗಾರನನ್ನು ಬೇರೆಯವರ ಕೆಟ್ಟ ಒಪ್ಪಂದಕ್ಕೆ ಗಂಟು ಹಾಕಿ ಕಳಿಸಬೇಡಿ. ಕಾರಣ ದುಡ್ಡು ಆಗಿದ್ದರೆ ದುಡ್ಡು ಎಂದೇ ಹೇಳಿ, ಎಷ್ಟು ದುಡ್ಡು ಎಂಬುದನ್ನೂ ಹೇಳಿ. 1.62 ಕೋಟಿಯ ತೆರಿಗೆಗೂ 36.5 ಕೋಟಿಯ ಒಪ್ಪಂದಕ್ಕೂ ಇರುವ ವ್ಯತ್ಯಾಸ ಫೆನ್‌ವೇಯ ಹಿಂದಿನ ಸಾಲಿನಲ್ಲಿ ಕೂತವರಿಗೂ ಚೆನ್ನಾಗಿ ಗೊತ್ತಾಗುತ್ತದೆ.